ಇಟಲಿಯ ಊರೂರಿನ ತರಕಾರಿ ಅಡುಗೆ: ಮೊದಲಿಂದಲೂ ಮೀನು, ಚೀಸ್ ಇಲ್ಲದವು ಯಾವುವು?

ಸಂಪಿಗೆ_ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಇಟಾಲಿಯನ್ ಅಡುಗೆ ಅಂದರೆ ಪಾಸ್ತಾ, ಪಿಜ್ಜಾ, ಅಷ್ಟೇ. ಎರಡರಲ್ಲೂ ಚೀಸ್ ಜಾಸ್ತಿ, ತರಕಾರಿ ಹೆಸರಿಗೆ ಮಾತ್ರ. ಆದರೆ ಅಲ್ಲಿನ ಹಳ್ಳಿ ಮನೆಗಳಲ್ಲಿ ದಿನಾ ಹೀಗೇ ತಿನ್ನುತ್ತಾರೆ ಅಂತ ನಂಬೋಕೆ ಆಗಲ್ಲ. ಸೊಪ್ಪು, ಕಾಳು, ಬದನೆಕಾಯಿ ಹಾಕಿ ಅವರು ಮನೆಯಲ್ಲಿ ಏನು ಮಾಡುತ್ತಾರೆ? ಒಂದೊಂದು ಪ್ರಾಂತ್ಯದ ಹಳೆ ಅಡುಗೆ ಕಲಿಯಬೇಕು ಅಂತ ತುಂಬಾ ಆಸೆ ಇದೆ.

ನಾವು ಸಸ್ಯಾಹಾರಿಗಳು. ಮೊಟ್ಟೆಯೂ ಇಲ್ಲ. ಹಾಲು, ಮೊಸರು, ಬೆಣ್ಣೆ ಆಗುತ್ತದೆ. ಚಿಕ್ಕ ಓವನ್ ಇದೆ. ಹುಡುಕಿ ನೋಡಿದಾಗ ತರಕಾರಿ ಪಲ್ಯದಂಥ ಅಡುಗೆಗೂ ಆಂಚೊವಿ ಮೀನು ಹಾಕಿರುತ್ತಾರೆ. ಅದನ್ನು ಬಿಟ್ಟು ಮಾಡಿದರೆ ರುಚಿ ಕೆಡುತ್ತದಾ? ಗೊತ್ತಿದ್ದವರು ಹೇಳಿ.

ರಾತ್ರಿಪಾಳಿ

ಮಿಲಾನ್‌ನಲ್ಲಿ ಓದುತ್ತಿದ್ದೇನೆ. ಪಿಜ್ಜಾದಲ್ಲೇ ಚೀಸ್ ಇಲ್ಲದ್ದು ಇದೆ ಅಕ್ಕ. ನೇಪಲ್ಸ್‌ನ ಮರಿನಾರಾ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಇಷ್ಟೇ. ಉಳಿದದ್ದು ನನಗೂ ಗೊತ್ತಿಲ್ಲ, ಈ ಚರ್ಚೆ ಓದುತ್ತಾ ಇರುತ್ತೇನೆ.

ತೊರಿನೊ_ಕನ್ನಡಿಗ

ಸಂಪಿಗೆ ಅವರೇ, ಒಳ್ಳೆ ಪ್ರಶ್ನೆ ಕೇಳಿದ್ದೀರಿ. ನಾನು ತೊರಿನೊದಲ್ಲಿ ಕೆಲಸ ಮಾಡಿಕೊಂಡು ಇಲ್ಲೇ ನೆಲೆಸಿದ್ದೇನೆ. ಇದು ಉತ್ತರದ ಊರು. ಆದರೆ 1950, 60ರ ದಶಕಗಳಲ್ಲಿ ಕಾರ್ ಕಾರ್ಖಾನೆ ಕೆಲಸಕ್ಕೆ ದಕ್ಷಿಣದಿಂದ ಲಕ್ಷಾಂತರ ಜನ ಇಲ್ಲಿಗೆ ಬಂದರು. ಅದಕ್ಕೇ ನಮ್ಮ ಕಟ್ಟಡದಲ್ಲಿ ಪುಲಿಯಾ, ಸಿಸಿಲಿ, ಕಲಾಬ್ರಿಯಾ ಎಲ್ಲ ಕಡೆಯ ಮನೆಗಳಿವೆ. ನಾನು ಕಲಿತದ್ದೆಲ್ಲ ಆ ಮನೆಗಳ ಅಜ್ಜಿಯರಿಂದ.

ಮೊದಲು ನನಗೆ ಮುಖ್ಯ ಅನ್ನಿಸುವ ಒಂದು ಮಾತು. ಮೀನು ಇರುವ ಅಡುಗೆಯಿಂದ ಮೀನು ತೆಗೆದು ಮಾಡೋಕೆ ಹೋಗಬೇಡಿ. ಮೀನು, ಮಾಂಸ, ಚೀಸ್ ಯಾವುದೂ ಮೊದಲಿಂದಲೂ ಇಲ್ಲದ ಅಡುಗೆ ಅಲ್ಲಿ ಬೇಕಾದಷ್ಟಿದೆ, ಅದನ್ನು ಮಾಡಿ. ದಕ್ಷಿಣದ ಬಡ ರೈತರ ಮನೆಯಲ್ಲಿ ಮಾಂಸ ಹಬ್ಬಕ್ಕೆ ಮಾತ್ರ ಬರುತ್ತಿತ್ತು. ಚೀಸ್ ಮಾಡಿದರೂ ಮಾರಿ ದುಡ್ಡು ಮಾಡಿಕೊಳ್ಳುತ್ತಿದ್ದರು. ದಿನಾ ಒಲೆ ಮೇಲೆ ಇದ್ದದ್ದು ಕಾಳು, ಸೊಪ್ಪು, ಒಣ ಬ್ರೆಡ್, ಆಲಿವ್ ಎಣ್ಣೆ. ಜೊತೆಗೆ ಚರ್ಚ್‌ನ ಉಪವಾಸದ ದಿನಗಳು. ಈಸ್ಟರ್ ಮುಂಚಿನ ವಾರಗಳಲ್ಲಿ ಮಾಂಸ ಬಿಡಬೇಕಿತ್ತು. ಹಾಗಾಗಿ ಕೊರತೆ ಕಾಣದ ಹಾಗೆ ತರಕಾರಿ ಬೇಯಿಸುವುದನ್ನು ಅವರು ಪೂರ್ತಿ ಕಲಿತುಬಿಟ್ಟಿದ್ದಾರೆ.

ಮೊದಲ ಉದಾಹರಣೆ, ಪುಲಿಯಾದ ಫಾವೆ ಎ ಚಿಕೋರಿಯಾ. ಸಿಪ್ಪೆ ತೆಗೆದ ಒಣ ಫಾವಾ ಬೇಳೆ, ಜೊತೆಗೆ ಕಹಿ ಚಿಕೋರಿಯಾ ಸೊಪ್ಪು. ಬೇಳೆ 300 ಗ್ರಾಂ ರಾತ್ರಿ ನೆನೆಸಿಡಿ. ನೀರು ಬದಲಿಸಿ, ಬೇಳೆ ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಇಡಿ. ಬರುವ ನೊರೆ ತೆಗೆಯುತ್ತಾ ಇರಿ. ಕೆಲವರು ತಳಕ್ಕೆ ಒಂದು ಆಲೂಗಡ್ಡೆ ಹಚ್ಚಿ ಹಾಕುತ್ತಾರೆ. ಒಂದರಿಂದ ಒಂದೂವರೆ ಗಂಟೆಯಲ್ಲಿ ಬೇಳೆ ಕರಗಿ ನುಣ್ಣಗಾಗುತ್ತದೆ. ಆಮೇಲೆ ಉಪ್ಪು ಹಾಕಿ, ಆಲಿವ್ ಎಣ್ಣೆ ಸುರಿಯುತ್ತಾ ಮರದ ಸೌಟಿನಿಂದ ಜೋರಾಗಿ ಕಡೆಯಬೇಕು. ನಮ್ಮ ಕಡೆ ಬೇಳೆ ಮಸೆಯುವ ಕಡಗೋಲು ಇದಕ್ಕೆ ಬಹಳ ಒಳ್ಳೆಯದು. ಸೊಪ್ಪನ್ನು ಬೇರೆಯಾಗಿ ಉಪ್ಪು ನೀರಲ್ಲಿ ಬೇಯಿಸಿ, ಬಸಿದು, ತಟ್ಟೆಯಲ್ಲಿ ಬೇಳೆ ಪಕ್ಕ ಇಟ್ಟು ಮೇಲೆ ಹಸಿ ಎಣ್ಣೆ ಹಾಕುತ್ತಾರೆ. ಸಿಹಿಯಾದ ಬೇಳೆ, ಕಹಿ ಸೊಪ್ಪು, ಘಾಟು ಎಣ್ಣೆ. ಮೂರೂ ಸೇರಿ ಊಟ ಪೂರ್ತಿ ಆಗುತ್ತದೆ. ಬೆಳ್ಳುಳ್ಳಿಯೂ ಬೇಡ, ಈರುಳ್ಳಿಯೂ ಬೇಡ.

ಹಿಂದೆ ಇದನ್ನು ಮಣ್ಣಿನ ಗಡಿಗೆಯಲ್ಲಿ ಹಾಕಿ ಬೆಂಕಿ ಪಕ್ಕ ಇಟ್ಟು ಹೊಲಕ್ಕೆ ಹೋಗುತ್ತಿದ್ದರಂತೆ.

ನಾಡಿಮಿಡಿತ

ನಾನು ವೈದ್ಯ. ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಇದು ಹೇಳಲೇಬೇಕಾದ ವಿಷಯ. ಜಿ-6-ಪಿಡಿ ಅನ್ನುವ ಕಿಣ್ವದ ಕೊರತೆ ಇರುವವರು ಫಾವಾ ಕಾಳು ತಿನ್ನಲೇಬಾರದು. ಹಸಿಯದೂ ಬೇಡ, ಒಣಗಿದ್ದೂ ಬೇಡ. ಕೆಂಪು ರಕ್ತಕಣಗಳು ಒಡೆದು ಕಾಮಾಲೆ, ತೀವ್ರ ರಕ್ತಹೀನತೆ ಬರಬಹುದು. ದಕ್ಷಿಣ ಇಟಲಿಯಲ್ಲೂ ಈ ಕೊರತೆ ಇರುವವರಿದ್ದಾರೆ, ನಮ್ಮ ದೇಶದಲ್ಲೂ ಇದ್ದಾರೆ. ಹುಟ್ಟಿನಿಂದ ಬರುವಂಥದ್ದು. ಗಂಡು ಮಕ್ಕಳಲ್ಲಿ ಹೆಚ್ಚು. ಮನೆಯಲ್ಲಿ ಯಾರಿಗಾದರೂ ಇದೆ ಅಂತ ವೈದ್ಯರು ಹೇಳಿದ್ದರೆ ಈ ಅಡುಗೆ ಬಿಟ್ಟುಬಿಡಿ.

ಸಂಪಿಗೆ_ಮೈಸೂರು

ಡಾಕ್ಟರೇ, ತುಂಬಾ ಧನ್ಯವಾದ. ನಮ್ಮ ಮನೆಯಲ್ಲಿ ಯಾರಿಗೂ ಹಾಗೆ ಹೇಳಿಲ್ಲ, ಆದರೂ ಅತ್ತೆ ಮನೆ ಕಡೆ ಒಮ್ಮೆ ಕೇಳುತ್ತೇನೆ.

ತೊರಿನೊ ಅವರೇ, ಫಾವಾ ನಮ್ಮ ಅವರೆಕಾಳೇ ಅಲ್ವಾ? ಚಿಕೋರಿಯಾ ಸೊಪ್ಪಿಗೆ ಇಲ್ಲಿ ಏನು ಹಾಕಲಿ?

ತೊರಿನೊ_ಕನ್ನಡಿಗ

ಅಲ್ಲ, ಅವರೆ ಬೇರೆ ಗಿಡ. ಹಿತಕಿದ ಅವರೆಬೇಳೆ ನೋಡೋಕೆ ಹತ್ತಿರ ಇದೆ, ಆದರೆ ಸೊಗಡು ಪೂರ್ತಿ ಬೇರೆ. ಉತ್ತರ ಭಾರತದಲ್ಲಿ ಬಾಕ್ಲಾ ಅಂತಾರಲ್ಲ, ಅದು ಫಾವಾ. ಅರಬ್ ದೇಶಗಳ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಪ್ಪೆ ತೆಗೆದದ್ದು ಸಿಗುತ್ತದೆ.

ಸೊಪ್ಪಿನ ವಿಷಯದಲ್ಲಿ ನಾನು ಸಾಸಿವೆ ಸೊಪ್ಪು ಅಥವಾ ಎಳೆ ಮೂಲಂಗಿ ಸೊಪ್ಪು ಹಾಕಿ ಅನ್ನುತ್ತೇನೆ. ಮೆಂತ್ಯ ಬೇಡ, ಅದರ ವಾಸನೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಪಾಲಕ್‌ನಲ್ಲಿ ಕಹಿಯೇ ಇಲ್ಲ. ಕಹಿ ಬೇಕೇ ಬೇಕು, ಇಲ್ಲದಿದ್ದರೆ ಆ ಬೇಳೆ ಸಪ್ಪೆ ಅನ್ನಿಸುತ್ತದೆ.

ಇದೇ ಸೊಪ್ಪನ್ನು ರೋಮ್‌ನವರು ಮಾಡುವ ರೀತಿಯೂ ಹೇಳಿಬಿಡುತ್ತೇನೆ. ಮೊದಲು ಚೆನ್ನಾಗಿ ಬೇಯಿಸಿ, ನೀರು ಹಿಂಡಿ ತೆಗೆಯಿರಿ. ಬಾಣಲೆಯಲ್ಲಿ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸು. ಬೆಳ್ಳುಳ್ಳಿ ಹೊಂಬಣ್ಣ ಬಂದ ಕೂಡಲೇ ಸೊಪ್ಪು ಹಾಕಿ ಹತ್ತು ನಿಮಿಷ ತಿರುವುತ್ತಾ ಇರಿ. ಸೊಪ್ಪು ಎಣ್ಣೆ ಕುಡಿದು ಹೊಳೆಯಬೇಕು. ಅಲ್ಲಿ ಮನೆಮನೆಯಲ್ಲೂ ದಿನಾ ಮಾಡುವ ಪಲ್ಯ ಇದೇ. ಹಸಿರು ಬಣ್ಣ ಉಳಿಯಲಿ, ಕರಕರ ಅನ್ನಲಿ ಅಂತ ಯಾರೂ ನೋಡುವುದಿಲ್ಲ. ಅಜ್ಜಿಯರ ಅಡುಗೆಯಲ್ಲಿ ತರಕಾರಿ ಪೂರ್ತಿ ಬೇಯುತ್ತದೆ. ಹೋಟೆಲ್‌ನ ಅರೆಬೆಂದ ತರಕಾರಿ ನೋಡಿ ಅದೇ ಇಟಾಲಿಯನ್ ರೀತಿ ಅಂದುಕೊಳ್ಳಬೇಡಿ.

ಕಡಲತೀರ

ತೊರಿನೊದಲ್ಲೇ ಇದ್ದುಕೊಂಡು ಆಂಚೊವಿ ಬಿಟ್ಟು ಮಾತಾಡುತ್ತಿದ್ದೀರಲ್ಲ ಅಣ್ಣ! ನಿಮ್ಮ ಪಿಯೆಮೊಂತೆ ಪ್ರಾಂತ್ಯದ ದೊಡ್ಡ ತರಕಾರಿ ಊಟವೇ ಬಾನ್ಯಾ ಕಾವ್ದಾ. ನಾನು ಮಂಗಳೂರಿನವಳು, ಮೀನು ತಿನ್ನುತ್ತೇನೆ. ಹಾಗಾಗಿ ನನಗೆ ಅದು ಪ್ರಾಣ. ಬೆಳ್ಳುಳ್ಳಿ ಮತ್ತು ಉಪ್ಪಲ್ಲಿ ಹಾಕಿದ ಆಂಚೊವಿಯನ್ನು ಆಲಿವ್ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ, ಬಿಸಿಬಿಸಿ ಮೇಜಿನ ಮಧ್ಯೆ ಇಟ್ಟು, ಹಸಿ ದಪ್ಪ ಮೆಣಸಿನಕಾಯಿ, ಕೋಸು, ಕಾರ್ದೊ ಎಂಬ ಗಿಡದ ದಂಟು ಎಲ್ಲ ಅದ್ದಿ ತಿನ್ನುವುದು. ಸಮುದ್ರವೇ ಇಲ್ಲದ ಪ್ರಾಂತ್ಯಕ್ಕೆ ಆ ಮೀನು ಪಕ್ಕದ ಕರಾವಳಿ ಪ್ರಾಂತ್ಯ ಲಿಗುರಿಯಾದಿಂದ ಉಪ್ಪಿನ ದಾರಿಯಲ್ಲಿ ಹೇಸರಗತ್ತೆ ಮೇಲೆ ಬರುತ್ತಿತ್ತು. ಇಷ್ಟು ದೊಡ್ಡ ಸಂಪ್ರದಾಯ ಬಿಟ್ಟು ಇಟಲಿಯ ತರಕಾರಿ ಅಡುಗೆ ಅಂದರೆ ಹೇಗೆ? ಸಸ್ಯಾಹಾರಿಗಳು ಮೀನಿನ ಬದಲು ಕೇಪರ್ಸ್ (ಉಪ್ಪಲ್ಲಿ ಹಾಕಿಟ್ಟ ಸಣ್ಣ ಹೂಮೊಗ್ಗು), ಆಲಿವ್ ಅರೆದು ಹಾಕಿದರೆ ಸಾಕು ಅಂತ ನನ್ನ ಅಭಿಪ್ರಾಯ.

ತೊರಿನೊ_ಕನ್ನಡಿಗ

ತಂಗಿ, ಬಾನ್ಯಾ ಕಾವ್ದಾ ಬಗ್ಗೆ ನೀವು ಹೇಳಿದ್ದು ಎಲ್ಲವೂ ಸರಿ. ಆ ಕಾರ್ದೊ ದಂಟನ್ನು ನೀತ್ಸಾ ಮೊನ್ಫೆರಾತೊ ಎಂಬ ಊರಲ್ಲಿ ಬಗ್ಗಿಸಿ ಮಣ್ಣಲ್ಲಿ ಹೂತು ಬೆಳೆಸುತ್ತಾರೆ. ಬೆಳಕು ಬೀಳದೆ ಬೆಳ್ಳಗೆ, ಎಳೆಯದಾಗಿ ಉಳಿಯಲಿ ಅಂತ. ಶರತ್ಕಾಲದಲ್ಲಿ ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕೂತು ಮಾಡುವ ಊಟ ಅದು. ನನಗೂ ಅದರ ಮೇಲೆ ಗೌರವ ಇದೆ.

ಅದಕ್ಕೇ ಬೇಡ ಅನ್ನುತ್ತಿದ್ದೇನೆ. ಆ ಅಡುಗೆ ನಿಂತಿರುವುದೇ ಮೀನಿನ ಮೇಲೆ. ತೆಗೆದರೆ ಬೇರೆ ಏನೋ ಆಗುತ್ತದೆ. ಅದು ಚೆನ್ನಾಗಿರಬಹುದು, ಆದರೆ ತಿನ್ನುವಾಗೆಲ್ಲ ಏನೋ ಇಲ್ಲ ಅನ್ನಿಸುತ್ತದೆ. ಫಾವೆ ಎ ಚಿಕೋರಿಯಾ ತಿನ್ನುವಾಗ ಹಾಗೆ ಅನ್ನಿಸುವುದಿಲ್ಲ.

ಒಂದು ಕಡೆ ಮಾತ್ರ ನಿಮ್ಮ ಮಾತು ಒಪ್ಪುತ್ತೇನೆ. ಬಾರಿ ಊರಿನ ಒರೆಕಿಯೆತ್ತೆ ಪಾಸ್ತಾ. ಇದನ್ನು ಚೀಮೆ ದಿ ರಾಪಾ ಸೊಪ್ಪಿನ ಜೊತೆ ಮಾಡುತ್ತಾರೆ. ಅದು ಟರ್ನಿಪ್ ಜಾತಿಯದೇ ಗಿಡ, ಎಲೆ ಮತ್ತು ಮೊಗ್ಗು ತಿನ್ನುತ್ತಾರೆ. ಆಂಚೊವಿ ಹಾಕುವ ಮನೆಯೂ ಇದೆ, ಹಾಕದ ಮನೆಯೂ ಇದೆ. ಹಾಕದವರು ಎಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿ ಉದುರಿಸುತ್ತಾರೆ. ಇಲ್ಲಿ ಎರಡು ರೀತಿಯೂ ಅಲ್ಲಿನ ಮನೆಗಳದ್ದೇ.

ಇದರ ಗುಟ್ಟು ನೀರಿನಲ್ಲಿದೆ. ಸೊಪ್ಪು ಬೇಯುತ್ತಿರುವ ನೀರಿಗೇ ಪಾಸ್ತಾ ಹಾಕಿ, ಎರಡನ್ನೂ ಒಟ್ಟಿಗೆ ಬಸಿದು, ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿದ ಎಣ್ಣೆಗೆ ಸೇರಿಸಬೇಕು. ಸೊಪ್ಪಿನ ರುಚಿ ಪಾಸ್ತಾ ಒಳಗೇ ಇಳಿಯುತ್ತದೆ. ಆ ಪಾಸ್ತಾಕ್ಕೆ ಮೊಟ್ಟೆ ಇಲ್ಲ. ಗಟ್ಟಿ ಗೋಧಿಯ ರವೆ ಹಿಟ್ಟು ಮತ್ತು ನೀರು ಮಾತ್ರ. ಬಾರಿಯ ಹಳೆ ಊರಿನ ಓಣಿಯಲ್ಲಿ ಹೆಂಗಸರು ಮನೆ ಬಾಗಿಲಲ್ಲಿ ಮೇಜು ಹಾಕಿಕೊಂಡು ಚಾಕುವಿನಿಂದ ಒಂದೊಂದೇ ಎಳೆದು, ಹೆಬ್ಬೆರಳಿನಿಂದ ತಿರುಗಿಸಿ ಮಾಡುತ್ತಾರೆ. ನಿಂತು ನೋಡುತ್ತಾ ಇದ್ದರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಕಡಲತೀರ

ಸರಿ ಅಣ್ಣ, ಅಷ್ಟು ಒಪ್ಪಿದಿರಲ್ಲ, ಸಾಕು. ಬ್ರೆಡ್ ಪುಡಿ ಹುರಿಯುವುದು ನನಗೂ ಹೊಸದು. ಎಷ್ಟು ಎಣ್ಣೆ?

ತೊರಿನೊ_ಕನ್ನಡಿಗ

ಒಂದು ಬಟ್ಟಲು ಪುಡಿಗೆ ಎರಡು ದೊಡ್ಡ ಚಮಚ. ಒಣ ಬ್ರೆಡ್ಡನ್ನು ತೀರಾ ನುಣ್ಣಗೆ ಮಾಡಬೇಡಿ, ತರಿ ಇರಲಿ. ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯಿರಿ. ಕಂದು ಬಣ್ಣ ಬಂದ ಕೂಡಲೇ ಬೇರೆ ತಟ್ಟೆಗೆ ಹಾಕಿ, ಬಾಣಲೆಯಲ್ಲೇ ಬಿಟ್ಟರೆ ಸೀದುಹೋಗುತ್ತದೆ. ಸಿಸಿಲಿ, ಕಲಾಬ್ರಿಯಾ ಕಡೆ ಚೀಸ್ ಕೊಳ್ಳಲಾಗದ ಮನೆಗಳಲ್ಲಿ ಪಾಸ್ತಾ ಮೇಲೆ ಇದನ್ನೇ ಹಾಕುತ್ತಿದ್ದರು.

ಚೀಸ್ ಮಾತು ಬಂತು, ಸಸ್ಯಾಹಾರಿಗಳಿಗೆ ಇದು ಗೊತ್ತಿರಲಿ. ಪಾರ್ಮಿಜಾನೊ ರೆಜ್ಜಾನೊ ಅನ್ನುವ ಹೆಸರು ಹಾಕಬೇಕಾದರೆ ಹಾಲು ಒಡೆಯೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಲೇಬೇಕು ಅಂತ ನಿಯಮ ಇದೆ. ಕುರಿ ಹಾಲಿನ ಚೀಸ್ ಪೆಕೊರಿನೊ ರೊಮಾನೊಗೆ ಕುರಿಮರಿಯ ರೆನೆಟ್. ಹಾಗಾಗಿ ಅಸಲಿ ಪಾರ್ಮೆಸಾನ್ ಸಸ್ಯಾಹಾರ ಅಲ್ಲ. ಭಾರತದಲ್ಲಿ ತಯಾರಾಗುವ ಚೀಸ್‌ಗಳಲ್ಲಿ ಸೂಕ್ಷ್ಮಜೀವಿಯಿಂದ ಬಂದ ರೆನೆಟ್ ಹಾಕಿದವು ಸಿಗುತ್ತವೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿ ತಗೊಳ್ಳಿ.

ರಾತ್ರಿಪಾಳಿ

ಇದು ನನಗೆ ಗೊತ್ತೇ ಇರಲಿಲ್ಲ. ಇಲ್ಲಿ ಹಾಸ್ಟೆಲ್‌ನಲ್ಲಿ ನಾವು ನಾಲ್ಕೈದು ಜನ ಸಸ್ಯಾಹಾರಿಗಳು, ಎಲ್ಲರೂ ತಿನ್ನುತ್ತಾ ಇದ್ದೀವಿ. ಎಲ್ಲರಿಗೂ ಈ ಚರ್ಚೆಯ ಕೊಂಡಿ ಕಳಿಸುತ್ತೇನೆ.

ಬೃಂದಾವನ

ತೊರಿನೊ ಅವರ ಬರಹ ಓದಿ ತುಂಬಾ ಸಂತೋಷವಾಯಿತು. ನಮ್ಮ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಎರಡೂ ಇಲ್ಲ. ಮೊಮ್ಮಗಳು ಇಟಾಲಿಯನ್ ಬೇಕು ಅಂತ ಹಟ ಮಾಡುತ್ತಾಳೆ. ಆ ಬೇಳೆ ಸೊಪ್ಪಿನದು ಬಿಟ್ಟು ಬೇರೆ ಏನಾದರೂ ಇದೆಯಾ?

ಇನ್ನೊಂದು ಮಾತು. ನಮ್ಮ ಹಿತ್ತಲಲ್ಲಿ ಕಾಮಕಸ್ತೂರಿ ಬೆಳೆದಿದೆ. ಅದೇ ಬೇಸಿಲ್ ಅಂತ ಮಗ ಹೇಳುತ್ತಾನೆ, ಹೌದಾ?

ತೊರಿನೊ_ಕನ್ನಡಿಗ

ಅಮ್ಮ, ನಿಮ್ಮ ಮನೆಗೆ ಹೇಳಿ ಮಾಡಿಸಿದ ಹಾಗಿರುವ ಎರಡು ಅಡುಗೆ ಇವೆ. ಎರಡೂ ಕಡಲೆಹಿಟ್ಟಿನವು.

ಒಂದು, ಪಲೆರ್ಮೊ ಪಟ್ಟಣದ ಪನೆಲ್ಲೆ. 250 ಗ್ರಾಂ ಕಡಲೆಹಿಟ್ಟಿಗೆ ಮುಕ್ಕಾಲು ಲೀಟರ್ ತಣ್ಣೀರು, ಉಪ್ಪು. ಗಂಟಿಲ್ಲದ ಹಾಗೆ ಕಲಸಿ ಜರಡಿ ಹಿಡಿಯಿರಿ. ದಪ್ಪ ತಳದ ಪಾತ್ರೆಯಲ್ಲಿ ಹಾಕಿ ಒಂದೇ ಸಮ ತಿರುವುತ್ತಾ ಬೇಯಿಸಿ. ಪಾತ್ರೆ ಬಿಟ್ಟು ಬರುವಷ್ಟು ಗಟ್ಟಿಯಾದಾಗ ಸಣ್ಣಗೆ ಹೆಚ್ಚಿದ ಪಾರ್ಸ್ಲಿ ಸೇರಿಸಿ. ಪಾರ್ಸ್ಲಿ ಸಿಗದಿದ್ದರೆ ಸುಮ್ನೆ ಬಿಡಿ. ಎಣ್ಣೆ ಸವರಿದ ತಟ್ಟೆಯಲ್ಲಿ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ತೆಳ್ಳಗೆ ಹರಡಿ, ಆರಿದ ಮೇಲೆ ಕತ್ತರಿಸಿ ಕಾದ ಎಣ್ಣೆಯಲ್ಲಿ ಕರಿಯಿರಿ. ಅಂಚು ಗರಿಗರಿ, ಒಳಗೆ ಮೆತ್ತಗೆ. ಮೇಲೆ ನಿಂಬೆರಸ ಹಿಂಡಬೇಕು. ಪಲೆರ್ಮೊ ಬೀದಿಗಳಲ್ಲಿ ಎಳ್ಳು ಹಾಕಿದ ಬನ್ ಒಳಗೆ ಇಟ್ಟು ಕೊಡುತ್ತಾರೆ. ಇಟಲಿಯ ಬೀದಿ ತಿಂಡಿಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಇದು.

ಇನ್ನೊಂದು, ಜೆನೋವಾದ ಫಾರಿನಾತಾ. ಇದನ್ನು ಒಲೆಯ ಬದಲು ಓವನ್‌ನಲ್ಲಿ ಮಾಡುತ್ತಾರೆ. 300 ಗ್ರಾಂ ಕಡಲೆಹಿಟ್ಟಿಗೆ 900 ಮಿಲಿಲೀಟರ್ ನೀರು. ಹಿಟ್ಟು ತುಂಬಾ ನೀರಾಯಿತು ಅಂತ ಗಾಬರಿ ಆಗಬೇಡಿ, ಮಜ್ಜಿಗೆಯಷ್ಟು ತೆಳ್ಳಗಿರಬೇಕು. ಕನಿಷ್ಠ ನಾಲ್ಕು ಗಂಟೆ ಬಿಡಿ. ಮೇಲೆ ಬಂದ ನೊರೆ ತೆಗೆಯಿರಿ. 10 ಗ್ರಾಂ ಉಪ್ಪು ಹಾಕಿ. ಅಗಲ ತಟ್ಟೆಗೆ ಧಾರಾಳವಾಗಿ ಎಣ್ಣೆ ಹಾಕಿ, ಹಿಟ್ಟು ಸುರಿದು, ಎಣ್ಣೆ ಮೇಲೆ ಬರುವ ಹಾಗೆ ನಿಧಾನಕ್ಕೆ ಕಲಕಿ. ದಪ್ಪ ಅರ್ಧ ಸೆಂಟಿಮೀಟರ್ ಮೀರದಿರಲಿ. ಓವನ್ ಎಷ್ಟು ಬಿಸಿಯಾಗುತ್ತದೋ ಅಷ್ಟೂ ಇಡಿ, 250 ಡಿಗ್ರಿ ಬಂದರೆ ಒಳ್ಳೆಯದು. ಮೇಲ್ಭಾಗ ಹೊಂಬಣ್ಣ ಬರಬೇಕು. ತೆಗೆದ ಕೂಡಲೇ ಕಾಳುಮೆಣಸು ಪುಡಿ. ಜೆನೋವಾದಲ್ಲಿ ಸೌದೆ ಓವನ್ ಒಳಗೆ ಕಲಾಯಿ ಹಾಕಿದ ದೊಡ್ಡ ತಾಮ್ರದ ತಟ್ಟೆಗಳಲ್ಲಿ ಬೇಯಿಸುತ್ತಾರೆ.

ಅವರು ಬಳಸುವುದು ಕಾಬೂಲಿ ಕಡಲೆಯಂಥ ಬಿಳಿ ಕಡಲೆಯ ಹಿಟ್ಟು. ನಮ್ಮದು ಕಡಲೆಬೇಳೆಯದು, ಸ್ವಲ್ಪ ಘಮ ಜಾಸ್ತಿ. ಎರಡರಲ್ಲೂ ಮಾಡಿ ತಿಂದಿದ್ದೇನೆ, ನಮ್ಮ ಹಿಟ್ಟಿನದೂ ಬಹಳ ಚೆನ್ನಾಗಿ ಬರುತ್ತದೆ.

ಕಾಮಕಸ್ತೂರಿ ವಿಷಯ ನಿಮ್ಮ ಮಗ ಹೇಳಿದ್ದು ಸರಿ, ಒಂದೇ ಜಾತಿಯ ಗಿಡ. ಆದರೆ ತಳಿ ಬೇರೆ. ಜೆನೋವಾದವರು ಪೆಸ್ತೊ ಎಂಬ ಬೇಸಿಲ್ ಚಟ್ನಿಗೆ ಬಳಸುವುದು ಎಳೆಯ, ಸಣ್ಣ ಎಲೆ. ಅದರಲ್ಲಿ ಸೋಂಪಿನ ಘಾಟು ಕಡಿಮೆ. ಟೊಮೆಟೊ ಅಡುಗೆಗೆ ನಿಮ್ಮ ಹಿತ್ತಲಿನ ಸೊಪ್ಪು ಧಾರಾಳವಾಗಿ ಹಾಕಿ. ಇಳಿಸಿದ ಮೇಲೆ ಕೈಯಲ್ಲಿ ಹರಿದು ಹಾಕಬೇಕು, ಕುದಿಸಬಾರದು.

ಬೃಂದಾವನ

ಕಡಲೆಹಿಟ್ಟು ಮನೆಯಲ್ಲಿ ಯಾವಾಗಲೂ ಇರುತ್ತದೆ. ಇದಕ್ಕಿಂತ ಸುಲಭ ಏನು ಬೇಕು! ದೇವರು ಒಳ್ಳೆಯದು ಮಾಡಲಿ ಮಗು.

ಧಾರವಾಡ_ಮಂದಿ

ಬದನೆಕಾಯಿ ಬಗ್ಗೆ ಯಾರೂ ಮಾತಾಡಿಲ್ಲ! ನಮ್ಮ ಕಡೆ ಎಣ್ಣೆಗಾಯಿ ಇಲ್ಲದ ಊಟವೇ ಇಲ್ಲ. ಸಿಸಿಲಿಯ ಕಪೊನಾತಾ ಬಗ್ಗೆ ಕೇಳಿದ್ದೇನೆ. ಸಿಹಿ, ಹುಳಿ ಎರಡೂ ಇರುತ್ತದಂತೆ. ಸರ್, ಅದನ್ನು ಸರಿಯಾಗಿ ಹೇಳಿಕೊಡಿ. ಇಟಲಿಗೆ ಬದನೆ ಹೋಗಿದ್ದು ನಮ್ಮ ಕಡೆಯಿಂದಲೇ ಅಂತಾರೆ, ಖರೇನಾ?

ತೊರಿನೊ_ಕನ್ನಡಿಗ

ಖರೆ. ಬದನೆ ಏಷ್ಯಾದ ಈ ಭಾಗದ್ದು. ಯುರೋಪಿಗೆ ಅದನ್ನು ತಲುಪಿಸಿದವರು ಅರಬರು. ಅವರು 9ನೇ ಶತಮಾನದಲ್ಲಿ ಸಿಸಿಲಿಗೆ ಬಂದು 11ನೇ ಶತಮಾನದವರೆಗೆ ಆಳಿದರು. ಕಬ್ಬನ್ನೂ ಅಲ್ಲಿ ಬೆಳೆಸಿದರು. ಬದನೆ ದಕ್ಷಿಣದಲ್ಲಿ ಬೇಗ ಒಗ್ಗಿತು, ಉತ್ತರಕ್ಕೆ ಹೋಗೋಕೆ ಬಹಳ ಕಾಲ ಬೇಕಾಯಿತು. 1891ರಲ್ಲಿ ಮೊದಲು ಅಚ್ಚಾದ ತನ್ನ ಅಡುಗೆ ಪುಸ್ತಕದಲ್ಲಿ ಪೆಲೆಗ್ರಿನೊ ಅರ್ತೂಸಿ ಇದರ ಬಗ್ಗೆ ಬರೆದಿದ್ದಾರೆ. ಅದಕ್ಕೂ ನಲವತ್ತು ವರ್ಷ ಹಿಂದೆ ಫ್ಲಾರೆನ್ಸ್ ಮಾರುಕಟ್ಟೆಯಲ್ಲಿ ಬದನೆ ಕಾಣುವುದೇ ಅಪರೂಪವಾಗಿತ್ತು, ಯಹೂದಿಗಳ ಊಟ ಅಂತ ಜನ ಕೀಳಾಗಿ ನೋಡುತ್ತಿದ್ದರು ಅಂತ. ಅಂದರೆ ಇವತ್ತು ಇಟಲಿಯದೇ ಅನ್ನಿಸುವ ಈ ತರಕಾರಿಯನ್ನು ಉಳಿಸಿಕೊಟ್ಟವರಲ್ಲಿ ಅಲ್ಲಿನ ಯಹೂದಿ ಮನೆಗಳ ಪಾಲು ದೊಡ್ಡದು. ರೋಮ್‌ನಲ್ಲಿ 1555ರಿಂದ ಅವರನ್ನು ಗೋಡೆ ಕಟ್ಟಿದ ಕೇರಿಯೊಳಗೆ ಕೂಡಿಹಾಕಿದ್ದರು. ಆರ್ಟಿಚೋಕ್ ಎಂಬ ದಪ್ಪ ಹೂಮೊಗ್ಗಿನ ತರಕಾರಿಯನ್ನು ಹೂವಿನ ಹಾಗೆ ಅರಳಿಸಿ ಕರಿಯುವುದು ಆ ಕೇರಿಯ ಅಡುಗೆಯೇ. ಅದನ್ನು ಈಗ ರೋಮ್‌ನ ಹೆಮ್ಮೆ ಅಂತ ಎಲ್ಲರೂ ಹೇಳುತ್ತಾರೆ. ಆ ಚರಿತ್ರೆ ನೆನಪಿಟ್ಟುಕೊಂಡೇ ತಿನ್ನಬೇಕು ಅಂತ ನನಗೆ ಅನ್ನಿಸುತ್ತದೆ.

ಈಗ ಕಪೊನಾತಾ. ಒಂದು ಕಿಲೋ ಬದನೆ. ಭರ್ತಾ ಮಾಡುವ ದೊಡ್ಡ ನೇರಳೆ ಬದನೆ, ಬೀಜ ಕಡಿಮೆ ಇರುವಂಥದ್ದು ಆರಿಸಿ. ಎಣ್ಣೆಗಾಯಿಯ ಸಣ್ಣ ಕಾಯಿ ಇದಕ್ಕೆ ಬೇಡ. ಎರಡು ಸೆಂಟಿಮೀಟರ್ ತುಂಡು ಮಾಡಿ, ಉಪ್ಪು ಹಚ್ಚಿ, ಜಾಲರಿ ಪಾತ್ರೆಯಲ್ಲಿ ಒಂದು ಗಂಟೆ ಬಿಡಿ. ನೀರು ಒರೆಸಿ ಎಣ್ಣೆಯಲ್ಲಿ ಕರಿದು ತೆಗೆಯಿರಿ. ಎಣ್ಣೆ ಚೆನ್ನಾಗಿ ಕಾದಿರಬೇಕು, ಇಲ್ಲದಿದ್ದರೆ ಬದನೆ ಎಲ್ಲವನ್ನೂ ಕುಡಿದುಬಿಡುತ್ತದೆ. ಸೆಲರಿ ದಂಟು ಮೂರು, ತುಂಡು ಮಾಡಿ ಉಪ್ಪು ನೀರಲ್ಲಿ ನಾಲ್ಕು ನಿಮಿಷ ಕುದಿಸಿ ಬಸಿದಿಡಿ. ಸೆಲರಿ ಬಿಡಬೇಡಿ, ಕಪೊನಾತಾದ ಅರ್ಧ ಗುಣ ಅದರಲ್ಲಿದೆ.

ಬೇರೆ ಬಾಣಲೆಯಲ್ಲಿ ಆಲಿವ್ ಎಣ್ಣೆ, ಒಂದು ದೊಡ್ಡ ಈರುಳ್ಳಿ. ಕಂದಾಗಬಾರದು, ಮೆತ್ತಗಾಗಬೇಕು. ಅದಕ್ಕೆ 300 ಗ್ರಾಂ ಹಣ್ಣು ಟೊಮೆಟೊ ಸಿಪ್ಪೆ ತೆಗೆದು ಹಾಕಿ ಗಟ್ಟಿಯಾಗುವವರೆಗೆ ಬೇಯಿಸಿ. ಬೀಜ ತೆಗೆದ ಹಸಿರು ಆಲಿವ್ ಒಂದು ಹಿಡಿ, ಉಪ್ಪು ತೊಳೆದ ಕೇಪರ್ಸ್ ಎರಡು ಚಮಚ, ಸೆಲರಿ ಸೇರಿಸಿ. ಬಿಳಿ ವೈನ್ ವಿನೆಗರ್ 50 ಮಿಲಿಲೀಟರ್, ಅದರಲ್ಲಿ ಒಂದೂವರೆ ದೊಡ್ಡ ಚಮಚ ಸಕ್ಕರೆ ಕರಗಿಸಿ ಸುರಿಯಿರಿ. ವಿನೆಗರ್ ಘಾಟು ಹೋಗುವವರೆಗೆ ಉರಿ ಜೋರಿರಲಿ. ಕೊನೆಗೆ ಬದನೆ ಹಾಕಿ ಮೆಲ್ಲಗೆ ತಿರುವಿ, ಐದು ನಿಮಿಷ ಬಿಟ್ಟು ಇಳಿಸಿ.

ತಿನ್ನುವುದು ನಾಳೆ. ಇದನ್ನು ಒತ್ತಿ ಹೇಳುತ್ತೇನೆ. ಅವತ್ತೇ ಬಿಸಿಬಿಸಿ ತಿಂದರೆ ವಿನೆಗರ್ ಒಂದು ಕಡೆ, ಸಕ್ಕರೆ ಒಂದು ಕಡೆ ಇರುತ್ತದೆ. ರಾತ್ರಿಯೆಲ್ಲ ಇಟ್ಟರೆ ಹೊಂದಿಕೊಳ್ಳುತ್ತದೆ. ಕತಾನಿಯಾ ಕಡೆಯವರು ದಪ್ಪ ಮೆಣಸಿನಕಾಯಿಯನ್ನೂ ಕರಿದು ಹಾಕುತ್ತಾರೆ. ಪಲೆರ್ಮೊದವರು ಅದು ಬೇಡವೇ ಬೇಡ ಅನ್ನುತ್ತಾರೆ. ನನ್ನ ನೆರೆಮನೆಯ ಎರಡು ಸಿಸಿಲಿ ಕುಟುಂಬಗಳು ಈ ವಿಷಯಕ್ಕೆ ಇನ್ನೂ ವಾದ ಮಾಡುತ್ತಲೇ ಇವೆ.

ಧಾರವಾಡ_ಮಂದಿ

ಕರಿಯದೆ ಓವನ್‌ನಲ್ಲಿ ಬೇಯಿಸಿದರೆ ನಡೀತದಾ? ಮನೆಯಲ್ಲಿ ಎಣ್ಣೆ ಕಡಿಮೆ ಮಾಡಿ ಅಂತ ಹೇಳಿದ್ದಾರೆ. ಆಲಿವ್ ಎಣ್ಣೆ ರೇಟೂ ಹಾಗೇ ಇದೆ.

ತೊರಿನೊ_ಕನ್ನಡಿಗ

ನಡೆಯುತ್ತದೆ. ನಾಲ್ಕು ಚಮಚ ಎಣ್ಣೆ ಸವರಿ 200 ಡಿಗ್ರಿಯಲ್ಲಿ ಅರ್ಧ ಗಂಟೆ. ಕರಿದದ್ದಕ್ಕೆ ಇರುವ ಹೊರಪದರ ಬರುವುದಿಲ್ಲ, ಸ್ವಲ್ಪ ಮುದ್ದೆಯಾಗುತ್ತದೆ. ರುಚಿ ಒಳ್ಳೆಯದೇ.

ಎಣ್ಣೆ ಖರ್ಚು ಉಳಿಸೋಕೆ ಒಂದು ದಾರಿ ಇದೆ. ಕರಿಯೋಕೆ ಸೂರ್ಯಕಾಂತಿ ಎಣ್ಣೆ ಬಳಸಿ. ಒಳ್ಳೆ ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯನ್ನು ಬಡಿಸುವಾಗ ಹಸಿಯಾಗಿ ಒಂದು ಚಮಚ ಹಾಕಿ. ಅದರ ಘಾಟು ಗೊತ್ತಾಗುವುದೇ ಹಸಿಯಾಗಿ ಹಾಕಿದಾಗ. ಸಣ್ಣ ಬಾಟಲಿ ತಗೊಂಡು ಬೆಳಕು ಬೀಳದ ಕಡೆ ಇಡಿ.

ನಾಡಿಮಿಡಿತ

ಮಲೆನಾಡಿನ ಚಳಿಗೆ ಸೂಪ್ ಥರದ್ದು ಏನಾದರೂ ಹೇಳಿ ಸರ್. ಟಸ್ಕನಿಯ ರಿಬೊಲ್ಲಿತಾ ಒಮ್ಮೆ ಫ್ಲಾರೆನ್ಸ್‌ನಲ್ಲಿ ತಿಂದಿದ್ದೆ, ಚೀಸ್ ಇರಲಿಲ್ಲ. ಮನೆಯಲ್ಲಿ ಮಾಡೋಕೆ ಆಗುತ್ತದಾ?

ತೊರಿನೊ_ಕನ್ನಡಿಗ

ಆಗುತ್ತದೆ ಡಾಕ್ಟರೇ, ಬ್ರೆಡ್ ಒಂದು ಸರಿ ಇರಬೇಕು. ಟಸ್ಕನಿಯ ಬ್ರೆಡ್‌ಗೆ ಉಪ್ಪೇ ಹಾಕುವುದಿಲ್ಲ. ದಪ್ಪ ಸಿಪ್ಪೆ, ಒಳಗೆ ಒರಟು. ಮೂರು ದಿನ ಇಟ್ಟರೆ ಕಲ್ಲಾಗುತ್ತದೆ, ಸೂಪಿಗೆ ಹಾಕಿದರೆ ಕರಗದೆ ರಸ ಹೀರಿಕೊಳ್ಳುತ್ತದೆ. ನಮ್ಮ ಬೇಕರಿಯ ಸಿಹಿ ಬ್ರೆಡ್ ಹಾಕಿದರೆ ಅಂಟುಅಂಟಾಗುತ್ತದೆ. ಸವರ್‌ಡೋ ಸಿಕ್ಕರೆ ಅದನ್ನೇ ತಂದು ಒಣಗಿಸಿ.

ಬಿಳಿ ರಾಜ್ಮಾ 250 ಗ್ರಾಂ ನೆನೆಸಿ ಬೇಯಿಸಿ, ಅರ್ಧ ಕಾಳು ಅದರ ನೀರಲ್ಲೇ ರುಬ್ಬಿ. ಈರುಳ್ಳಿ, ಕ್ಯಾರೆಟ್, ಸೆಲರಿ ಸಣ್ಣಗೆ ಹೆಚ್ಚಿ ಆಲಿವ್ ಎಣ್ಣೆಯಲ್ಲಿ ಕಡೇಪಕ್ಷ ಕಾಲು ಗಂಟೆ ಬಾಡಿಸಬೇಕು. ಇಲ್ಲಿ ಅವಸರ ಮಾಡಿದರೆ ಇಡೀ ಸೂಪು ಸಪ್ಪೆ. ಆಮೇಲೆ ಒಂದು ಆಲೂಗಡ್ಡೆ, ಎರಡು ಟೊಮೆಟೊ, ಎಲೆಕೋಸು, ಕಾವೊಲೊ ನೆರೊ ಎಂಬ ಕಡು ಹಸಿರು ಸೊಪ್ಪು. ಬೆಂಗಳೂರಿನಲ್ಲಿ ಕೇಲ್ ಸಿಗುತ್ತದೆ, ಅದು ಆಗುತ್ತದೆ. ರುಬ್ಬಿದ ಕಾಳು ಹಾಕಿ ಒಂದೂವರೆ ಗಂಟೆ ಸಣ್ಣ ಉರಿಯಲ್ಲಿ ಬಿಡಿ. ಉಳಿದ ಕಾಳು ಕೊನೆಗೆ. ಪಾತ್ರೆಯಲ್ಲಿ ಬ್ರೆಡ್ ಒಂದು ಪದರ, ಸೂಪ್ ಒಂದು ಪದರ ಹಾಕಿಟ್ಟು, ಮಾರನೇ ದಿನ ಮತ್ತೆ ಕುದಿಸಿ. ಸೌಟು ನಿಲ್ಲುವಷ್ಟು ಗಟ್ಟಿ ಇರಬೇಕು. ಮೇಲೆ ಹಸಿ ಎಣ್ಣೆ, ಕಾಳುಮೆಣಸು. ಕಾವೊಲೊ ನೆರೊ ಚಳಿ ಬಿದ್ದ ಮೇಲೆಯೇ ರುಚಿ ಅಂತ ಅಲ್ಲಿನವರು ಕಾಯುತ್ತಾರೆ.

ರಾಜ್ಮಾ ಅಮೆರಿಕದಿಂದ ಬಂದ ಕಾಳು. ಯುರೋಪಿಗೆ ಬಂದದ್ದು 16ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಇಟಲಿಯಲ್ಲಿ ತಿನ್ನುತ್ತಿದ್ದದ್ದು ನಮ್ಮ ಅಲಸಂದೆ ಜಾತಿಯದು. ಉಂಬ್ರಿಯಾದ ತ್ರಾಸಿಮೆನೊ ಕೆರೆ ಸುತ್ತ ಈಗಲೂ ಸಣ್ಣ ಅಲಸಂದೆ ಬೆಳೆಯುತ್ತಾರೆ. ಬೇಯಿಸಿ ಎಣ್ಣೆ, ಉಪ್ಪು ಹಾಕಿ ಕೊಡುತ್ತಾರೆ, ಅಷ್ಟೇ. ಧಾರವಾಡದ ಸರ್, ಇದನ್ನು ನೀವು ನಾಳೆಯೇ ಮಾಡಬಹುದು.

ಧಾರವಾಡ_ಮಂದಿ

ಅಲಸಂದಿ! ಇದು ಕೇಳಿ ಬಹಳ ಖುಷಿ ಆಯ್ತು ಸರ್.

ರಾತ್ರಿಪಾಳಿ

ಹಾಸ್ಟೆಲ್‌ನಲ್ಲಿ ಒಂದು ಒಲೆ, ಒಂದು ಪಾತ್ರೆ ಇರುವವರಿಗೆ ಏನಾದರೂ ಇದೆಯಾ ಅಣ್ಣ? ಕಡಿಮೆ ಖರ್ಚಿನದು.

ತೊರಿನೊ_ಕನ್ನಡಿಗ

ಚಿಚೆರಿ ಎ ತ್ರಿಯಾ. ಪುಲಿಯಾದ ದಕ್ಷಿಣ ತುದಿಯ ಸಲೆಂತೊ, ಲೆಚ್ಚೆ ಊರಿನ ಕಡೆಯದು. ಮಾರ್ಚ್ 19ರ ಸಂತ ಜೋಸೆಫರ ಹಬ್ಬಕ್ಕೆ ಮಾಡುತ್ತಾರೆ. ಕಡಲೆಕಾಳು ಮತ್ತು ಪಾಸ್ತಾ. ವಿಶೇಷ ಏನಂದರೆ ಪಾಸ್ತಾದ ಮೂರರಲ್ಲಿ ಒಂದು ಪಾಲನ್ನು ಬೇಯಿಸದೆ ಎಣ್ಣೆಯಲ್ಲಿ ಕರಿಯುತ್ತಾರೆ.

ರವೆ ಹಿಟ್ಟು 250 ಗ್ರಾಂ, ನೀರು ಅದರ ಅರ್ಧ. ಕಲಸಿ, ಅರ್ಧ ಗಂಟೆ ಬಿಟ್ಟು, ಲಟ್ಟಿಸಿ, ಬೆರಳಗಲ ಪಟ್ಟಿ ಕತ್ತರಿಸಿ ಸ್ವಲ್ಪ ಆರಲು ಬಿಡಿ. ಕಡಲೆಕಾಳನ್ನು ನೆನೆಸಿ, ಇಲ್ಲಿನ ಲಾರೆಲ್ ಎಲೆ (ನಮ್ಮ ಪಲಾವ್ ಎಲೆಯಲ್ಲ) ಹಾಕಿ, ಜೊತೆಗೆ ಸೆಲರಿ, ಎರಡು ಟೊಮೆಟೊ ಹಾಕಿ ಬೇಯಿಸಿ. ಮೊದಲು ಮೂರನೇ ಒಂದು ಪಾಲು ಪಟ್ಟಿ ಕರಿದು ತೆಗೆದಿಡಿ. ಉಳಿದದ್ದನ್ನು ಕಡಲೆಯ ಪಾತ್ರೆಗೇ ಹಾಕಿ ಬೇಯಿಸಿಕೊಳ್ಳಿ, ಹಾಸ್ಟೆಲ್‌ಗೆ ಅದು ಸಾಕು. ಕೊನೆಗೆ ಕರಿದದ್ದು, ಕಾಳುಮೆಣಸು ಸೇರಿಸಿ. ಮೆತ್ತನೆ ಪಾಸ್ತಾ ಮಧ್ಯೆ ಗರಿಗರಿ ತುಂಡು ಸಿಗುತ್ತದೆ. ನನ್ನ ಮೇಲಿನ ಮನೆಯ ಲೆಚ್ಚೆಯ ಅಜ್ಜಿ ಆ ಕರಿದ ತುಂಡುಗಳು ಮಾಂಸದ ಜಾಗ ತುಂಬುತ್ತಿದ್ದವು ಅನ್ನುತ್ತಾರೆ.

ಕಡಲತೀರ

ಅಣ್ಣ, ಆಂಚೊವಿ ವಿಷಯ ಮತ್ತೆ ಎತ್ತುವುದಿಲ್ಲ. ಆದರೆ ನೇಪಲ್ಸ್‌ನ ಸ್ಕಾಪೆಚೆ ಒಂದು ನಾನು ಸೇರಿಸುತ್ತೇನೆ, ಅದರಲ್ಲಿ ಮೀನಿಲ್ಲ. ಜುಕಿನಿ ಬಿಲ್ಲೆ ಮಾಡಿ, ಉಪ್ಪು ಹಾಕಿ ಬಿಸಿಲಲ್ಲಿ ಒಂದೆರಡು ಗಂಟೆ ಬಾಡಿಸಿ, ಕಂದು ಬರುವವರೆಗೆ ಕರಿದು, ಪುದೀನ ಎಲೆ, ಬೆಳ್ಳುಳ್ಳಿ ಚೂರು, ವಿನೆಗರ್ ಹಾಕಿ ಪದರ ಪದರವಾಗಿ ಇಡುವುದು. ನಮ್ಮ ಸೆಕೆಗೆ ತಣ್ಣಗೆ ತಿನ್ನೋಕೆ ಬಹಳ ಹಿತ. ಬೆಳ್ಳುಳ್ಳಿ ಬಿಟ್ಟರೂ ನಡೆಯುತ್ತದೆ ಬೃಂದಾವನ ಅಮ್ಮ.

ಸಂಪಿಗೆ_ಮೈಸೂರು

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಎಲ್ಲವನ್ನೂ ಬರೆದಿಟ್ಟುಕೊಂಡೆ. ಈ ಭಾನುವಾರ ಕಪೊನಾತಾ ಮಾಡಿ ಸೋಮವಾರ ತಿನ್ನುತ್ತೇವೆ. ಕೊನೆಯದಾಗಿ ಎರಡು ಪ್ರಶ್ನೆ. ಫ್ರಿಜ್‌ನಲ್ಲಿ ಎಷ್ಟು ದಿನ ಇಡಬಹುದು? ಚಪಾತಿ ಜೊತೆ ತಿನ್ನಬಹುದಾ?

ತೊರಿನೊ_ಕನ್ನಡಿಗ

ಗಾಜಿನ ಡಬ್ಬಿಯಲ್ಲಿ ಮುಚ್ಚಿಟ್ಟರೆ ನಾಲ್ಕು ದಿನ ಧೈರ್ಯವಾಗಿ ಇಡಿ. ತಿನ್ನುವ ಒಂದು ಗಂಟೆ ಮೊದಲು ಹೊರಗೆ ತೆಗೆಯಿರಿ, ಮತ್ತೆ ಬಿಸಿ ಮಾಡಬೇಡಿ. ಚಪಾತಿ ಜೊತೆ ಚೆನ್ನಾಗಿರುತ್ತದೆ. ನಮ್ಮ ಮನೆಯಲ್ಲಿ ಮಕ್ಕಳು ಜೋಳದ ರೊಟ್ಟಿ ಜೊತೆ ತಿನ್ನುತ್ತಾರೆ.